ಕಿಡ್ನಿ ಕಸಿ ಆದ ಅಣ್ಣನ ರಿಪೋರ್ಟಿನಲ್ಲಿ ‘ಹರ್ಪಿಸ್’ ಅಂತ ಬಂದಿದೆ, ಮನೆಯಲ್ಲಿ ರಂಪ ಆಗಿದೆ

ಹರಿಹರದ_ಹೈದ · ಭಾನುವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮಣ್ಣನಿಗೆ 36 ವರ್ಷ. ಎರಡು ವರ್ಷ ಡಯಾಲಿಸಿಸ್, ವಾರಕ್ಕೆ ಮೂರು ಸಲ ದಾವಣಗೆರೆಗೆ ಓಡಾಟ. ಕೊನೆಗೆ ಅಮ್ಮನೇ ಕಿಡ್ನಿ ಕೊಟ್ಟರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸೋ ಕ್ರಿಯಾಟಿನಿನ್ 1.2ಕ್ಕೆ ಇಳಿದು ನಿಂತಿತು. ಮೂರು ತಿಂಗಳು ವೈರಸ್ ತಡೆಯೋ ವಾಲ್ಗಾನ್ಸೈಕ್ಲೋವಿರ್ ಮಾತ್ರೆ ಕೊಟ್ಟು ನಿಲ್ಲಿಸಿದರು. ಐದನೇ ತಿಂಗಳಲ್ಲಿ ಸಂಜೆ ಹೊತ್ತು ಮೈ ಬಿಸಿ. 99.5, 100, ಅಷ್ಟೇ. ಆಮೇಲೆ ಭೇದಿ ಶುರುವಾಯಿತು. ಮದುವೆಮನೆ ಊಟದ್ದು ಅಂದುಕೊಂಡು ನಾವು ಮಜ್ಜಿಗೆ, ಓಆರ್‌ಎಸ್ ಅಂತ ಒಂದು ವಾರ ಕಾಲ ಕಳೆದೆವು. ನಾಲ್ಕು ಕೆಜಿ ಇಳಿದ. ಬಿಳಿ ರಕ್ತಕಣ 2,100 ಬಂತು. ಆಸ್ಪತ್ರೆಗೆ ಹೋದರೆ ಸಿಎಂವಿ (ಸೈಟೋಮೆಗಾಲೋವೈರಸ್) ಪಿಸಿಆರ್, ಅಂದರೆ ರಕ್ತದಲ್ಲಿ ಆ ವೈರಸ್ ಎಷ್ಟಿದೆ ಅಂತ ಎಣಿಸೋ ಪರೀಕ್ಷೆ ಮಾಡಿಸಿದರು, 48,000 ಅಂತ ಬಂತು. ದೊಡ್ಡ ಕರುಳಿಗೆ ಕ್ಯಾಮೆರಾ ಹಾಕಿ ತುಣುಕು ತೆಗೆದು ನೋಡಿದರು, ಅಲ್ಲೂ ಇದೆ. ಹತ್ತು ದಿನ ಗ್ಯಾನ್ಸೈಕ್ಲೋವಿರ್ ಡ್ರಿಪ್ ಆಯಿತು, ಈಗ ಮನೆಯಲ್ಲಿ ಮಾತ್ರೆ.

ಇಲ್ಲಿಯವರೆಗೆ ಸರಿ. ಡಿಸ್ಚಾರ್ಜ್ ಚೀಟಿಯಲ್ಲಿ ಸಿಎಂವಿ ಪಕ್ಕದಲ್ಲಿ ಹರ್ಪಿಸ್ ಗುಂಪಿನ ವೈರಸ್ ಅಂತ ಬರೆದಿದ್ದಾರೆ. ನಮ್ಮ ಭಾವ ಅದನ್ನು ಗೂಗಲ್ ಮಾಡಿದರು. ಅಲ್ಲಿಂದ ಶುರು. ‘ಇದು ಆ ಥರದ ಕಾಯಿಲೆ, ನಿಮ್ಮಣ್ಣ ಎಲ್ಲಿ ಹೋಗಿದ್ದ ಕೇಳಿ’ ಅಂತ ಊಟದ ಹೊತ್ತಿನಲ್ಲಿ ಎಲ್ಲರ ಎದುರು ಅಂದುಬಿಟ್ಟರು. ಅಕ್ಕ ಏಳು ತಿಂಗಳ ಬಸುರಿ, ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಾಳೆ. ಅವಳನ್ನು ನಾಳೆನೇ ಕರ್ಕೊಂಡು ಹೋಗ್ತೀನಿ ಅಂತಿದ್ದಾರೆ. ಅತ್ತಿಗೆ ಮಾತಾಡೋದೇ ಬಿಟ್ಟಿದ್ದಾಳೆ. ಅಮ್ಮನದು ಇನ್ನೊಂದು ಕಥೆ. ‘ನನ್ನ ಕಿಡ್ನಿಯಿಂದಲೇ ಅವನಿಗೆ ರೋಗ ಹೋಯ್ತು’ ಅಂತ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಮೂರೇ ಪ್ರಶ್ನೆ. ಇದು ಆ ಹರ್ಪಿಸಾ? ಅಮ್ಮನಿಂದ ಬಂದಿದ್ದಾ? ಇದು ಮುಂದೆ ಕ್ಯಾನ್ಸರ್ ಆಗುತ್ತಾ? ಭಾವ ಅದನ್ನೂ ಎಲ್ಲೋ ಓದಿದ್ದಾರೆ.

ಸ್ಲೈಡ್_ಸುಬ್ಬಣ್ಣ · ಭಾನುವಾರ ರಾತ್ರಿ 11:52

ತಮ್ಮಾ, ನಾನು ಮೈಸೂರಿನಲ್ಲಿ ಮೂವತ್ತು ವರ್ಷ ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಆದರೆ ನಿಮ್ಮಣ್ಣನ ಕರುಳಿನ ತುಣುಕಿನಂಥದ್ದನ್ನು ಎಷ್ಟೋ ನೋಡಿದ್ದೇನೆ.

ಹರ್ಪಿಸ್ ಅನ್ನೋದು ಒಂದು ಮನೆತನದ ಹೆಸರು. ಮನುಷ್ಯರನ್ನು ಹಿಡಿಯುವವು ಅದರಲ್ಲಿ ಎಂಟು. ಆರನೆಯದನ್ನು ಎ, ಬಿ ಅಂತ ಬೇರೆ ಬೇರೆ ಲೆಕ್ಕ ಹಾಕಿದರೆ ಒಂಬತ್ತು. ತುಟಿ ಮೇಲೆ ಜ್ವರದ ಗುಳ್ಳೆ ಏಳುತ್ತಲ್ಲ, ಅದು ಒಂದನೆಯದು. ನಿಮ್ಮ ಭಾವ ಹೇಳುತ್ತಿರೋದು ಹೆಚ್ಚಾಗಿ ಎರಡನೆಯದು. ಮೂರನೆಯದು ಚಿಕ್ಕಂದಿನಲ್ಲಿ ಅಮ್ಮ (ಚಿಕನ್‌ಪಾಕ್ಸ್) ಆಗಿ ಬಂದು ದೊಡ್ಡವರಾದ ಮೇಲೆ ಸರ್ಪಸುತ್ತಾಗಿ ಏಳುವುದು. ನಾಲ್ಕು ಎಪ್‌ಸ್ಟೀನ್ ಬಾರ್, ಇಬಿವಿ. ಐದು ನಿಮ್ಮಣ್ಣನ ಸಿಎಂವಿ. ಆರು, ಏಳು ಕೂಸುಗಳಿಗೆ ಜ್ವರ ಬಂದು ಮೈಮೇಲೆ ಕೆಂಪು ಗಂಧೆ ಎಬ್ಬಿಸುವವು. ಎಂಟನೆಯದು ಕಪೋಸಿ ಅನ್ನೋ ಗೆಡ್ಡೆಯದು. ಒಂದೇ ಮನೆತನ ಅಂದಮಾತ್ರಕ್ಕೆ ಎರಡನೆಯವನು ಮಾಡಿದ್ದು ಐದನೆಯವನ ತಲೆಗೆ ಕಟ್ಟೋದಾ?

ಇವಕ್ಕೆಲ್ಲ ಒಂದೇ ಗುಣ. ಒಮ್ಮೆ ಮೈಯೊಳಗೆ ಬಂದರೆ ಹೋಗೋದಿಲ್ಲ. ಬಾಡಿಗೆ ಕೊಡದೆ ಮೂಲೆ ಹಿಡಿದು ಮಲಗಿಬಿಡುತ್ತವೆ. ಸಿಎಂವಿ ಬಿಳಿ ರಕ್ತಕಣಗಳ ಮೂಲಕೋಶದಲ್ಲಿ, ಸರ್ಪಸುತ್ತಿನದು ನರದ ಗಂಟಿನಲ್ಲಿ, ಇಬಿವಿ ಬಿ ಕೋಶ ಅನ್ನೋ ಒಂದು ಬಗೆಯ ಬಿಳಿ ರಕ್ತಕಣದಲ್ಲಿ. ಮನೆ ಕಾಯೋರು ಎಚ್ಚರ ಇರೋವರೆಗೆ ಸದ್ದಿಲ್ಲ. ಕಸಿ ಮಾಡಿದ ಕಿಡ್ನಿ ಉಳಿಯಲಿ ಅಂತ ನಾವೇ ಆ ಕಾವಲುಗಾರರಿಗೆ ಮಾತ್ರೆ ಕೊಟ್ಟು ತೂಕಡಿಸೋ ಹಾಗೆ ಮಾಡಿದ್ದೀವಿ ನೋಡಿ, ಆಗ ಏಳುತ್ತವೆ.

ಸ್ಲೈಡಿನಲ್ಲಿ ಸಿಎಂವಿ ಒಮ್ಮೆ ನೋಡಿದರೆ ಮರೆಯೋದಿಲ್ಲ. ಸುತ್ತ ಸಣ್ಣ ಸಣ್ಣ ಕೋಶ, ನಡುವೆ ಒಂದು ಮಾತ್ರ ಉಬ್ಬಿ ಎರಡು ಮೂರು ಪಟ್ಟು ದಪ್ಪ ಆಗಿರುತ್ತೆ. ಅದರ ಮಧ್ಯೆ ನೇರಳೆ ಬಣ್ಣದ ಗಟ್ಟಿ ಬೊಟ್ಟು, ಬೊಟ್ಟಿನ ಸುತ್ತ ಬಿಳಿ ಉಂಗುರ. ಗೂಬೆ ಕಣ್ಣು ಅಂತಲೇ ಕರೆಯೋದು. ರಾತ್ರಿ ಪಾಳಿಯಲ್ಲಿ ಒಬ್ಬನೇ ಕೂತು ನೋಡುವಾಗ ಅದು ನನ್ನನ್ನೇ ನೋಡ್ತಿದೆ ಅನ್ನಿಸಿದ್ದುಂಟು.

ಅಂದಹಾಗೆ ನಿಮ್ಮ ಭಾವನಿಗೆ ಜ್ವರ ಬಂದಾಗ ತುಟಿ ಮೇಲೆ ಗುಳ್ಳೆ ಏಳುತ್ತಾ? ಸುಮ್ನೆ ಕೇಳಿದೆ.

ಕಡಲ್ಕರೆ_ಅಕ್ಕ · ಸೋಮವಾರ ಬೆಳಿಗ್ಗೆ 6:40

ಮಂಗಳೂರಿನಲ್ಲಿ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಆಗಿದ್ದೇನೆ, ಮೊದಲು ನರ್ಸ್ ಆಗಿದ್ದವಳು. ಡ್ಯೂಟಿಗೆ ಹೋಗೋ ಮೊದಲು ಅಮ್ಮನ ವಿಷಯ ಬರೆದುಬಿಡುತ್ತೇನೆ, ಯಾಕೆಂದರೆ ಊಟ ಬಿಟ್ಟಿದ್ದಾರೆ ಅಂದಿರಿ. ಅವರು ಒಂದೇ ಕಿಡ್ನಿಯಲ್ಲಿ ಇರೋರು, ನೀರು ಊಟ ಬಿಡೋ ಹಾಗಿಲ್ಲ.

ನಮ್ಮ ದೇಶದಲ್ಲಿ ದೊಡ್ಡವರನ್ನು ಪರೀಕ್ಷೆ ಮಾಡಿದರೆ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನರಿಗೆ ಸಿಎಂವಿ ಆಗಲೇ ಬಂದು ಹೋಗಿರುತ್ತೆ. ಎದೆಹಾಲಿನಿಂದ, ಎಂಜಲಿನಿಂದ, ಮಕ್ಕಳ ಉಚ್ಚೆ ಬಟ್ಟೆಯಿಂದ. ಜ್ವರ ನೆಗಡಿ ಥರ ಬಂದು ಹೋಗಿರುತ್ತೆ, ಯಾರಿಗೂ ಗೊತ್ತೇ ಆಗಿರಲ್ಲ. ಆಪರೇಷನ್‌ಗೆ ಮುಂಚೆ ಕೊಡುವವರಿಗೂ ತಗೊಳ್ಳುವವರಿಗೂ ಸಿಎಂವಿ ಐಜಿಜಿ, ಅಂದರೆ ವೈರಸ್ ಹಿಂದೆ ಬಂದು ಹೋಗಿದೆಯಾ ಅಂತ ನೋಡೋ ಪರೀಕ್ಷೆ ಮಾಡಿರುತ್ತಾರೆ. ಫೈಲ್ ತೆಗೆದು ನೋಡಿ. ನಿಮ್ಮಣ್ಣನದೂ ಪಾಸಿಟಿವ್ ಇರುತ್ತೆ ಅಂತ ನನ್ನ ಅಂದಾಜು. ಹಾಗಿದ್ದರೆ ಅವನ ಮೈಯಲ್ಲೇ ಮಲಗಿದ್ದದ್ದು ಎದ್ದಿರಬಹುದು, ಅಮ್ಮನ ಕಿಡ್ನಿಯಲ್ಲಿದ್ದ ತಳಿಯೂ ಇರಬಹುದು. ಯಾವುದಾದರೂ ಔಷಧಿ ಒಂದೇ. ಕಷ್ಟ ಇರೋದು ಕೊಟ್ಟವರು ಪಾಸಿಟಿವ್, ತಗೊಂಡವರು ನೆಗೆಟಿವ್ ಇದ್ದಾಗ. ಅಂಥವರಿಗೆ ಮೂರು ತಿಂಗಳಲ್ಲ, 200 ದಿನ ಮಾತ್ರೆ ಕೊಡುತ್ತಾರೆ. 2010ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಕಿಡ್ನಿ ಕಸಿ ಆದ ಅಂಥವರಿಗೆ 100 ದಿನ ಕೊಟ್ಟಾಗ ನೂರಕ್ಕೆ ಸುಮಾರು 37 ಜನರಿಗೆ ಸಿಎಂವಿ ಕಾಯಿಲೆ ಬಂತು, 200 ದಿನ ಕೊಟ್ಟಾಗ ಅದು 16ಕ್ಕೆ ಇಳಿಯಿತು.

ಇನ್ನೊಂದು. ಆಪರೇಷನ್ ಹೊತ್ತಿನಲ್ಲಿ ಎಟಿಜಿ ಅನ್ನೋ ಇಂಜೆಕ್ಷನ್ ಕೊಟ್ಟಿದ್ದಾರಾ ನೋಡಿ. ಮೊಲದಿಂದ ತಯಾರಿಸೋದು. ವೈರಸ್‌ನಿಂದ ಮೈ ಕಾಯೋ ಟಿ ಕೋಶಗಳನ್ನು ಗುಡಿಸಿ ಹಾಕುತ್ತೆ. ಅದು ಕೊಟ್ಟವರಲ್ಲಿ ಸಿಎಂವಿ ಏಳೋದು ಜಾಸ್ತಿ.

ಅಮ್ಮನಿಗೆ ಹೀಗೆ ಹೇಳಿ: ನೀವು ಕಿಡ್ನಿ ಕೊಡದಿದ್ದರೂ ಆ ವೈರಸ್ ಅವನ ಹತ್ತಿರ ಇತ್ತು, ಬಹುಶಃ ಹಾಲು ಕುಡಿಯೋ ವಯಸ್ಸಿನಿಂದಲೇ. ಅಯ್ಯೋ, ಬರೆದ ಮೇಲೆ ಹೊಳೆಯಿತು, ಹಾಲಿನ ಮಾತು ಬೇಡ. ಅದಕ್ಕೂ ಅಳ್ತಾರೆ.

ಹರಿಹರದ_ಹೈದ · ಸೋಮವಾರ ಬೆಳಿಗ್ಗೆ 9:15

ಅಕ್ಕಾ, ಫೈಲ್ ನೋಡಿದೆ. ಇಬ್ಬರದೂ ಐಜಿಜಿ ಪಾಸಿಟಿವ್. ಎಟಿಜಿ ಕೊಟ್ಟಿದ್ದಾರೆ. ಅಮ್ಮನಿಗೆ ರಿಪೋರ್ಟ್ ತೋರಿಸಿ ದಿನಾಂಕ ಓದಿದೆ. ‘ಆಪರೇಷನ್‌ಗೆ ಹದಿನೈದು ದಿನ ಮುಂಚಿಂದಾ ಇದು?’ ಅಂತ ಮೂರು ಸಲ ಕೇಳಿದರು. ಎರಡು ಇಡ್ಲಿ ತಿಂದರು.

ಸುಬ್ಬಣ್ಣ ಸಾರ್, ಭಾವನಿಗೆ ಪ್ರತಿ ಚಳಿಗಾಲದಲ್ಲೂ ತುಟಿ ಮೇಲೆ ಗುಳ್ಳೆ ಏಳುತ್ತೆ. ನಿಮಗೆ ಹೇಗೆ ಗೊತ್ತಾಯ್ತು?

ಇನ್ನೊಂದು ಕೇಳಬೇಕಿತ್ತು. ಮಾತ್ರೆ ದಪ್ಪ ಇದೆ, ಅಣ್ಣನಿಗೆ ವಾಂತಿ ಬರುವ ಹಾಗಾಗುತ್ತೆ. ನಮ್ಮಕ್ಕ ಅಡುಗೆಮನೆ ಚಾಕುವಿನಲ್ಲಿ ಎರಡು ತುಂಡು ಮಾಡಿ ಕೊಡ್ತಿದ್ದಾಳೆ. ಪರವಾಗಿಲ್ವಾ?

ಕಡಲ್ಕರೆ_ಅಕ್ಕ · ಸೋಮವಾರ ಬೆಳಿಗ್ಗೆ 9:31

ಇಲ್ಲ ಇಲ್ಲ ಇಲ್ಲ. ಇವತ್ತಿನಿಂದಲೇ ನಿಲ್ಲಿಸಿ!

ಬಸುರಿ ಆ ಮಾತ್ರೆ ಮುಟ್ಟಲೇಬಾರದು. ವಾಲ್ಗಾನ್ಸೈಕ್ಲೋವಿರ್ ಹೊಟ್ಟೆಯಲ್ಲಿರೋ ಮಗುವಿಗೆ ತೊಂದರೆ ಮಾಡಬಹುದಾದ ಔಷಧಿ, ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕ್ಯಾನ್ಸರ್ ಕೂಡ ಕಂಡಿದೆ. ಅದಕ್ಕೇ ಮೇಲೆ ಪದರ ಹಾಕಿರೋದು. ಒಡೆಯೋದು, ಕುಟ್ಟೋದು, ಅಗಿಯೋದು ಮಾಡೋ ಹಾಗಿಲ್ಲ. ಪುಡಿ ಕೈಗೆ ಹತ್ತಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ನಾಲ್ಕೈದು ದಿನ ಮುಟ್ಟಿದ್ದಕ್ಕೆ ಗಾಬರಿ ಬೀಳಬೇಡಿ, ಆದರೆ ಅಕ್ಕ ತೋರಿಸೋ ಡಾಕ್ಟರಿಗೆ ಇವತ್ತೇ ಹೇಳಿ. ಮುಚ್ಚಿಡಬೇಡಿ.

ಮಾತ್ರೆ ಊಟದ ಜೊತೆ ತಗೊಳ್ಳಲಿ, ಮೈಗೆ ಹತ್ತೋದೂ ಜಾಸ್ತಿ, ವಾಂತಿಯೂ ಕಡಿಮೆ. ಅಣ್ಣ ತಾನೇ ಸ್ಟ್ರಿಪ್‌ನಿಂದ ತೆಗೆದುಕೊಂಡು ನುಂಗಲಿ. ನುಂಗಲು ಆಗದಿದ್ದರೆ ಆಸ್ಪತ್ರೆಯಲ್ಲಿ ಕೇಳಿ, ದ್ರವ ರೂಪದಲ್ಲೂ ಇದೆ.

ಇನ್ನು ನಿಮ್ಮ ಭಾವ. ಅವರು ಹೇಳಿದ ಕಾರಣ ತಪ್ಪು, ಬಾಯಿಯೂ ತಪ್ಪು. ಆದರೆ ಹೆಂಡತಿ ಬಗ್ಗೆ ಯೋಚನೆ ಮಾಡಿದ್ದು ಪೂರ್ತಿ ತಪ್ಪಲ್ಲ, ನ್ಯಾಯ ಅಂದರೆ ನ್ಯಾಯ. ಬಸುರಿಯಲ್ಲಿ ಮೊದಲ ಸಲ ಸಿಎಂವಿ ಬಂದರೆ ಮಗುವಿನ ಕಿವಿ, ಮಿದುಳಿಗೆ ತೊಂದರೆ ಆಗಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಬಂದಿರೋದರಿಂದ ಆ ಅಪಾಯ ಕಡಿಮೆ, ಸೊನ್ನೆ ಅಲ್ಲ. ಮನೆ ಬಿಟ್ಟು ಓಡಬೇಕಾಗಿಲ್ಲ. ಅಣ್ಣನ ಎಂಜಲು ಲೋಟ ತಟ್ಟೆ ಬೇರೆ ಇರಲಿ, ಬಚ್ಚಲು ತೊಳೆಯೋ ಕೆಲಸ ಅವಳಿಗೆ ಬೇಡ, ಕೈ ತೊಳೆಯೋದು ಮರೆಯಬಾರದು. ಡಾಕ್ಟರ್ ಹೇಳಿದರೆ ಅವಳಿಗೂ ಒಂದು ಐಜಿಜಿ ಮಾಡಿಸಿ.

ಸ್ಲೈಡ್_ಸುಬ್ಬಣ್ಣ · ಸೋಮವಾರ ಬೆಳಿಗ್ಗೆ 10:05

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋದು ಕೇಳಿದ್ದೆ. ನಿಮ್ಮ ಭಾವ ಕುಂಬಳಕಾಯಿ ಹೊತ್ತುಕೊಂಡೇ ಕಳ್ಳನನ್ನು ಹುಡುಕುತ್ತಿದ್ದಾರೆ. ಅವರ ತುಟಿ ಮೇಲಿರೋದು ಹರ್ಪಿಸ್ ಸಿಂಪ್ಲೆಕ್ಸ್ ಒಂದು. ಅಚ್ಚ ಹರ್ಪಿಸ್. ಅದೂ ನಾಚಿಕೆಪಡೋ ವಿಷಯ ಅಲ್ಲ, ಹೆಚ್ಚಿನ ಜನರಿಗೆ ಚಿಕ್ಕಂದಿನಲ್ಲಿ ಮುತ್ತು ಕೊಡೋ ಅಜ್ಜಿ ಅತ್ತೆಯರಿಂದಲೇ ಬರೋದು. ಹೇಳಿ ಅವರಿಗೆ. ನಯವಾಗಿ ಹೇಳಿ.

ಒಂದು ಗಂಭೀರ ಮಾತೂ ಇದೆ. ತುಟಿಯಲ್ಲಿ ಗುಳ್ಳೆ ಇರುವಾಗ ಹುಟ್ಟಿದ ಕೂಸಿಗೆ ಮುತ್ತು ಕೊಡಬಾರದು. ಎಳೆ ಕೂಸಿಗೆ ಅದು ಪ್ರಾಣಕ್ಕೆ ಬರಬಹುದು. ಚಳಿಗಾಲದಲ್ಲಿ ತಾನೇ ಹೆರಿಗೆ?

ನೇಚರ್_ನಾಗರಾಜ್ · ಸೋಮವಾರ ಮಧ್ಯಾಹ್ನ 1:10

ಇಷ್ಟೆಲ್ಲ ಇಂಗ್ಲಿಷ್ ಔಷಧಿ ಯಾಕೆ ಸ್ವಾಮಿ. ಇಮ್ಯೂನಿಟಿ ಕಮ್ಮಿ ಆಗಿದ್ದಕ್ಕೆ ತಾನೇ ವೈರಸ್ ಎದ್ದಿರೋದು? ಅಮೃತಬಳ್ಳಿ ಕಷಾಯ ಬೆಳಿಗ್ಗೆ ಸಂಜೆ ಕೊಡಿ. ಇಮ್ಯೂನಿಟಿ ಏರುತ್ತೆ, ವೈರಸ್ ತಾನಾಗೇ ಓಡುತ್ತೆ.

ಪುಟ್ಟಿಯಪ್ಪ · ಸೋಮವಾರ ಮಧ್ಯಾಹ್ನ 1:44

ನಾಗರಾಜ್ ಅವರೇ, ಇಮ್ಯೂನಿಟಿ ಏರಿದರೆ ಅದು ಮೊದಲು ಹೊಡೆಯೋದು ವೈರಸ್ಸನ್ನಲ್ಲ, ಅಮ್ಮ ಕೊಟ್ಟ ಕಿಡ್ನಿಯನ್ನ. ಅದಕ್ಕೇ ಅಲ್ವಾ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಕೊಟ್ಟು ತಗ್ಗಿಸಿರೋದು? ಕಸಿ ಆದವರ ಮನೆಗೆ ಬಂದು ‘ಇಮ್ಯೂನಿಟಿ ಬೂಸ್ಟರ್’ ಅನ್ನೋದು ಹುಲ್ಲಿನ ಬಣವೆ ಹತ್ತಿರ ಬೆಂಕಿಪೊಟ್ಟಣ ಹಂಚಿದ ಹಾಗೆ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ರೋಗಿಗಳ ಬಗ್ಗೆ 2021ರಲ್ಲಿ ನಮ್ಮ ದೇಶದ ಲಿವರ್ ಡಾಕ್ಟರುಗಳೇ ಬರೆದಿದ್ದಾರೆ. ಕೋಪದಲ್ಲಿ ಬರೆಯುತ್ತಿದ್ದೇನೆ, ಗೊತ್ತು. ನಮ್ಮ ಮನೆಗೂ ಈ ಸಲಹೆ ಬಂದಿತ್ತು.

ಹೈದ ಅವರೇ, ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ಅನುಭವಿಸಿದವನು ನಾನು.

ನನ್ನ ಮಗಳಿಗೆ ಹುಟ್ಟುವಾಗಲೇ ಪಿತ್ತನಾಳ ಮುಚ್ಚಿತ್ತು. ಹನ್ನೊಂದು ತಿಂಗಳಿಗೆ ನನ್ನ ಲಿವರಿನ ತುಂಡು ಹಾಕಿದರು. ನನಗೆ ಇಬಿವಿ ಯಾವಾಗಲೋ ಬಂದು ಹೋಗಿತ್ತು, ದೊಡ್ಡವರಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಎಲ್ಲರಿಗೂ ಬಂದಿರುತ್ತೆ. ಅವಳಿಗೆ ಬಂದಿರಲಿಲ್ಲ, ಎಳೆ ಕೂಸು. ನನ್ನ ಲಿವರಿನ ಜೊತೆ ಅದೂ ಹೋಯಿತು. ಆದ್ದರಿಂದ ನಿಮ್ಮಮ್ಮನ ಸಂಕಟ ನನಗೆ ಅರ್ಥ ಆಗುತ್ತೆ. ನಮ್ಮ ವಿಷಯದಲ್ಲಿ ಅದು ನಿಜವೇ ಆಗಿತ್ತು.

ಎಂಟು ತಿಂಗಳ ಮೇಲೆ ಗೊರಕೆ ಹೊಡೆಯೋಕೆ ಶುರು ಮಾಡಿದಳು. ಒಂದೂವರೆ ವರ್ಷದ ಮಗು ಗೊರಕೆ ಹೊಡೆದರೆ ನಗು ಬರುತ್ತೆ ಅಲ್ವಾ, ನಾವೂ ನಕ್ಕು ವಿಡಿಯೋ ಮಾಡಿ ಸಂಬಂಧಿಕರಿಗೆಲ್ಲ ಕಳಿಸಿದೆವು. ಟಾನ್ಸಿಲ್ ಊದಿ ಬಾಯಲ್ಲೇ ಉಸಿರಾಡ್ತಿದ್ದಳು. ಕತ್ತಿನಲ್ಲಿ ಗಂಟು ಕೈಗೆ ಸಿಕ್ಕಿತು. ಇಬಿವಿ ಪಿಸಿಆರ್ ಏರಿತ್ತು. ಗಂಟಿನ ಬಯಾಪ್ಸಿ ಮಾಡಿ ಪಿಟಿಎಲ್‌ಡಿ ಅಂದರು. ಕಸಿ ಆದವರಲ್ಲಿ ಇಬಿವಿ ಹೊಕ್ಕ ಬಿ ಕೋಶಗಳು ಹಿಡಿತ ಇಲ್ಲದೆ ಬೆಳೆಯೋದು ಇದು. ಕೆಲವರಲ್ಲಿ ಬರೀ ಗ್ರಂಥಿ ಊತ, ಕೆಲವರಲ್ಲಿ ಪೂರಾ ಲಿಂಫೋಮಾ ಅನ್ನೋ ಕ್ಯಾನ್ಸರ್. ಮಕ್ಕಳಲ್ಲಿ ಜಾಸ್ತಿ. ದೊಡ್ಡವರ ಕಿಡ್ನಿ ಕಸಿಯಲ್ಲಿ ಕಮ್ಮಿ, ನೂರಕ್ಕೆ ಒಂದೆರಡು ಅಂತ ನಮ್ಮ ಡಾಕ್ಟರ್ ಹೇಳಿದ್ದರು.

ಮೊದಲ ಚಿಕಿತ್ಸೆ ಏನು ಗೊತ್ತಾ? ಔಷಧಿ ಕಮ್ಮಿ ಮಾಡೋದು. ರಕ್ತದಲ್ಲಿ ಟ್ಯಾಕ್ರೋಲಿಮಸ್ (ಟ್ಯಾಕ್) ಮಟ್ಟ ಎಂಟರಿಂದ ಮೂರಕ್ಕೆ ಇಳಿಸಿದರು. ಕಾವಲುಗಾರ ಕಣ್ಣು ಬಿಟ್ಟು ಆ ಕೋಶಗಳನ್ನು ತಿನ್ನಲಿ ಅಂತ. ಅಮೆರಿಕದ ಸರ್ಜನ್ ಥಾಮಸ್ ಸ್ಟಾರ್ಜಲ್ ಮತ್ತು ಜೊತೆಯವರು 1984ರಲ್ಲೇ ಇದನ್ನು ತೋರಿಸಿದ್ದರಂತೆ, ಔಷಧಿ ತಗ್ಗಿಸಿದರೆ ಕೆಲವು ಗೆಡ್ಡೆ ಕರಗುತ್ತವೆ ಅಂತ. ಆದರೆ ಕಣ್ಣು ಬಿಟ್ಟ ಕಾವಲುಗಾರ ಲಿವರನ್ನೂ ನೋಡ್ತಾನಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ನನ್ನ ಹೆಂಡತಿ ಮೂರು ಸಂಖ್ಯೆ ಬರೆಯುತ್ತಿದ್ದಳು. ಟ್ಯಾಕ್, ಎಸ್‌ಜಿಪಿಟಿ (ಲಿವರಿಗೆ ಪೆಟ್ಟಾದರೆ ಏರೋದು), ಇಬಿವಿ. ಮೊದಲನೆಯದು ಇಳಿದಾಗ ಮೂರನೆಯದು ಇಳಿಯಬೇಕು, ಎರಡನೆಯದು ಏರಬಾರದು. ಒಂದು ತಿಂಗಳು ಅಷ್ಟೇ ನಮ್ಮ ಬದುಕು. ಔಷಧಿ ತಗ್ಗಿಸಿದ್ದು ಮಾತ್ರ ಸಾಲಲಿಲ್ಲ, ಬಿ ಕೋಶಗಳನ್ನು ಕೊಲ್ಲೋ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ವಾರಕ್ಕೊಂದರಂತೆ ನಾಲ್ಕು ಕೊಟ್ಟರು. ಮಧ್ಯೆ ಒಮ್ಮೆ ಎಸ್‌ಜಿಪಿಟಿ 300 ದಾಟಿ ರಿಜೆಕ್ಷನ್ ಆಗಿ, ಅಂದರೆ ಮೈ ಲಿವರನ್ನೇ ಹೊಡೆಯೋಕೆ ಶುರುವಾಗಿ, ಸ್ಟಿರಾಯ್ಡ್ ಕೊಡಬೇಕಾಯಿತು. ಕೀಮೋ ಬೇಕಾಗಲಿಲ್ಲ.

ಈಗ ಅವಳಿಗೆ ಆರು ವರ್ಷ. ಗೊರಕೆ ನಾನು ಹೊಡೆಯುತ್ತೇನೆ.

ನಿಮ್ಮಣ್ಣನದು ಸಿಎಂವಿ. ಕ್ಯಾನ್ಸರ್ ತರುತ್ತೆ ಅಂತ ಗಟ್ಟಿಯಾಗಿ ಸಾಬೀತಾಗಿರೋದು ಈ ಮನೆತನದಲ್ಲಿ ಎರಡೇ, ಇಬಿವಿ ಮತ್ತು ಎಂಟನೆಯದು. ಭಾವ ಓದಿರೋದು ಇವುಗಳ ಬಗ್ಗೆ ಇರಬೇಕು.

ಹಳೇ_ಪುಟ · ಸೋಮವಾರ ಸಂಜೆ 5:20

ಇಬಿವಿ ಮಾತು ಬಂತು ಅಂತ ಒಂದು ಪಕ್ಕದ ಕಥೆ. ವೈದ್ಯಕೀಯ ಇತಿಹಾಸ ಓದೋ ಚಟ ನನಗೆ.

ಉಗಾಂಡಾದ ಕಂಪಾಲದಲ್ಲಿ ಡೆನಿಸ್ ಬರ್ಕಿಟ್ ಅಂತ ಸರ್ಜನ್. ಮಕ್ಕಳ ದವಡೆ ಊದಿಕೊಳ್ಳುವ ವಿಚಿತ್ರ ಗೆಡ್ಡೆ ಬಗ್ಗೆ 1958ರಲ್ಲಿ ಬರೆದರು. 1961ರಲ್ಲಿ ಲಂಡನ್ನಿನಲ್ಲಿ ಅವರು ಮಾಡಿದ ಭಾಷಣ ಕೇಳಿಸಿಕೊಂಡವರು ಆಂಥನಿ ಎಪ್‌ಸ್ಟೀನ್. ಇದರ ಹಿಂದೆ ವೈರಸ್ ಇರಬೇಕು ಅಂತ ಗುಮಾನಿ ಬಂದು, ಗೆಡ್ಡೆ ತುಣುಕುಗಳನ್ನು ಕಂಪಾಲದಿಂದ ವಿಮಾನದಲ್ಲಿ ತರಿಸಿಕೊಳ್ಳೋಕೆ ಶುರು ಮಾಡಿದರು. ಎರಡು ವರ್ಷ ಏನೂ ಸಿಗಲಿಲ್ಲ. 1963ರ ಡಿಸೆಂಬರಿನಲ್ಲಿ ಮಂಜು ಕವಿದು ವಿಮಾನ ಲಂಡನ್ ಬದಲು ಮ್ಯಾಂಚೆಸ್ಟರಿಗೆ ಹೋಯಿತು. ತುಣುಕು ತಡವಾಗಿ ಕೈ ಸೇರಿದಾಗ ನೀರು ಕಲಕಿದ ಹಾಗಿತ್ತು. ಕೊಳೆತಿದೆ ಅಂತ ಚೆಲ್ಲಬೇಕಿತ್ತು. ಚೆಲ್ಲದೆ ನೋಡಿದರೆ, ಕಲಕಿದ್ದು ಬ್ಯಾಕ್ಟೀರಿಯಾ ಅಲ್ಲ, ಗೆಡ್ಡೆಯಿಂದ ಉದುರಿ ತೇಲುತ್ತಿದ್ದ ಜೀವಂತ ಕೋಶ. ಅವು ಲ್ಯಾಬಿನಲ್ಲಿ ಬೆಳೆದವು. 1964ರಲ್ಲಿ ಎಪ್‌ಸ್ಟೀನ್, ಇವೊನ್ ಬಾರ್, ಬರ್ಟ್ ಅಚಾಂಗ್ ಮೂವರೂ ಸೇರಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಪ್ರಕಟಿಸಿದರು. ಮನುಷ್ಯರ ಕ್ಯಾನ್ಸರಿನಲ್ಲಿ ಸಿಕ್ಕ ಮೊದಲ ವೈರಸ್. ಹೆಸರಿನಲ್ಲಿ ಅಚಾಂಗ್ ಬಿಟ್ಟುಹೋದರು, ಅದು ನನಗೆ ಯಾವಾಗಲೂ ಚುಚ್ಚುತ್ತೆ. ಎಪ್‌ಸ್ಟೀನ್ 102 ವರ್ಷ ಬದುಕಿ 2024ರಲ್ಲಿ ತೀರಿಕೊಂಡರು.

ಇಬಿವಿ ಇದ್ದವರಿಗೆಲ್ಲ ಕ್ಯಾನ್ಸರ್ ಬರಲ್ಲ, ನಮಗೆಲ್ಲ ಇದೆಯಲ್ಲ. ಆಫ್ರಿಕಾದಲ್ಲಿ ಮಲೇರಿಯಾ ಜೊತೆ ಸೇರಿದಾಗ ಬರ್ಕಿಟ್ ಲಿಂಫೋಮಾ. ದಕ್ಷಿಣ ಚೀನಾದಲ್ಲಿ, ನಮ್ಮ ನಾಗಾಲ್ಯಾಂಡಿನಲ್ಲೂ, ಮೂಗಿನ ಹಿಂಭಾಗದ ಕ್ಯಾನ್ಸರ್. ಕಸಿ ಆದವರಲ್ಲಿ ಪಿಟಿಎಲ್‌ಡಿ. ಜೊತೆಗಾರ ಯಾರು ಅನ್ನೋದರ ಮೇಲೆ.

ರಿಯಾದ್_ರಂಗಣ್ಣ · ಸೋಮವಾರ ರಾತ್ರಿ 8:02

ಎಂಟನೆಯವನ ಬಗ್ಗೆ ನಾನು ಹೇಳ್ತೀನಿ. ಸಾಗರದವನು, ಇಲ್ಲಿ ಆಸ್ಪತ್ರೆ ಫಾರ್ಮಸಿಯಲ್ಲಿದ್ದೇನೆ. ಈ ಕಡೆ, ಮತ್ತೆ ಟರ್ಕಿ, ಇಟಲಿ ಕಡೆ ಆ ವೈರಸ್ ಜಾಸ್ತಿ. ಕಸಿ ಆದವರ ಕಾಲಿನ ಮೇಲೆ ನೇರಳೆ ಹಣ್ಣು ಒತ್ತಿದ ಹಾಗೆ ಕಲೆ ಏಳುತ್ತೆ. ಕಪೋಸಿ ಸಾರ್ಕೋಮಾ. ವಿಯೆನ್ನಾದ ಮೋರಿಟ್ಜ್ ಕಪೋಸಿ 1872ರಲ್ಲೇ ಬರೆದಿಟ್ಟ ರೋಗ, ವೈರಸ್ ಸಿಕ್ಕಿದ್ದು 1994ರಲ್ಲಿ, ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಅನ್ನೋ ದಂಪತಿಗೆ.

ಇದರ ಚಿಕಿತ್ಸೆ ನನಗೆ ಇಷ್ಟ. ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ತೆಗೆದು ಸಿರೋಲಿಮಸ್ ಅನ್ನೋ ಇನ್ನೊಂದು ಇಮ್ಯೂನಿಟಿ ತಗ್ಗಿಸೋ ಮಾತ್ರೆ ಕೊಡ್ತಾರೆ. 2005ರಲ್ಲಿ ಇಟಲಿಯವರು 15 ಜನ ಕಿಡ್ನಿ ಕಸಿ ಆದವರಿಗೆ ಹಾಗೆ ಮಾಡಿದರು. ಚರ್ಮದ ಕಲೆಗಳೆಲ್ಲ ಮಾಯ, ಕಿಡ್ನಿಯೂ ಉಳಿಯಿತು. ಸಿರೋಲಿಮಸ್ ಸಿಕ್ಕಿದ್ದು ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನಲ್ಲಿ, ಟ್ಯಾಕ್ರೋಲಿಮಸ್ ಸಿಕ್ಕಿದ್ದು ಜಪಾನಿನ ತ್ಸುಕುಬಾ ಬೆಟ್ಟದ ಮಣ್ಣಿನಲ್ಲಿ. ಎರಡೂ ಮಣ್ಣಿನ ಸೂಕ್ಷ್ಮಜೀವಿಯ ಮದ್ದು. ಆದರೆ ಸಿರೋಲಿಮಸ್ ಸುಲಭದ್ದಲ್ಲ. ಬಾಯಿ ಹುಣ್ಣು, ಕೊಲೆಸ್ಟರಾಲ್, ಗಾಯ ಮಾಗೋದು ನಿಧಾನ.

ಕರ್ನಾಟಕದಲ್ಲಿರುವವರು ಇದಕ್ಕೆ ಹೆದರಿ ಕಾಲು ನೋಡ್ಕೋತಾ ಕೂರಬೇಡಿ, ನಮ್ಮಲ್ಲಿ ಅಪರೂಪ.

ಧಾರವಾಡ_ಮಾಸ್ತರ · ಸೋಮವಾರ ರಾತ್ರಿ 9:30

ನನ್ನದೂ ಒಂದು ಸೇರಿಸಿ. ಕಿಡ್ನಿ ಕಸಿಯಾಗಿ ಒಂಬತ್ತು ವರ್ಷ. ಮೂರನೇ ವರ್ಷ ಬೆನ್ನಿನಿಂದ ಹೊಟ್ಟೆವರೆಗೆ ಸರ್ಪಸುತ್ತು ಎದ್ದಿತು. ಮನೆಯಾಗ ಒಬ್ಬರು ಕಾವಿ ಹಚ್ಚಂದ್ರು, ಒಬ್ಬರು ಮಂತ್ರ ಹಾಕಸಂದ್ರು. ತಲೆ ಬಾಲ ಕೂಡಿದರೆ ಸಾವು ಅಂತ ನಮ್ಮ ದೊಡ್ಡಮ್ಮ ದಿನಾ ಬಂದು ಅಂಗಿ ಎತ್ತಿಸಿ ಅಳತೆ ಮಾಡ್ತಿದ್ದಳು. ಆ ನರ ಬೆನ್ನಹುರಿಯಿಂದ ಒಂದೇ ಮಗ್ಗುಲಿಗೆ ಬರೋದರಿಂದ ಹೆಚ್ಚಾಗಿ ನಡುಗೆರೆ ದಾಟೋದಿಲ್ಲ ಅಂತ ಡಾಕ್ಟರ್ ಹೇಳಿದ ಮೇಲೂ ಅಳತೆ ನಿಲ್ಲಲಿಲ್ಲ!

ಈ ಜಗ್ಗಾಟದಾಗ ನಾಲ್ಕು ದಿನ ಹೋತು. ಗುಳ್ಳೆ ಎದ್ದ 72 ತಾಸಿನೊಳಗೆ ಔಷಧಿ ಶುರು ಮಾಡಿದರೆ ಚಲೋ. ನಾನು ತಡ ಮಾಡಿದ್ದಕ್ಕೆ ಇವತ್ತಿಗೂ ಆ ಜಾಗದಲ್ಲಿ ಅಂಗಿ ತಾಗಿದರೆ ಉರಿ. ಈಗ ಜೀವಂತ ವೈರಸ್ ಇಲ್ಲದ ಲಸಿಕೆ ನಮ್ಮ ದೇಶದಲ್ಲೂ ಸಿಗುತ್ತೆ, ಕಸಿ ಆದವರೂ ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಬಹುದು. ಜೀವಂತ ಲಸಿಕೆ ಮಾತ್ರ ಕಸಿ ಆದ ಮೇಲೆ ಬೇಡ.

ಹರಿಹರದ_ಹೈದ · ಗುರುವಾರ ರಾತ್ರಿ 10:10

ಮತ್ತೆ ಬಂದೆ. ಬೆಂಗಳೂರಿಗೆ ಹೋಗೋದು ತಪ್ಪಲಿ ಅಂತ ಇಲ್ಲೇ ಹತ್ತಿರದ ಲ್ಯಾಬಿನಲ್ಲಿ ಪಿಸಿಆರ್‌ಗೆ ಕೊಟ್ಟೆವು. ಡಿಸ್ಚಾರ್ಜ್ ದಿನ 1,900 ಇತ್ತು. ಈಗ 6,200! ಔಷಧಿ ಕೆಲಸ ಮಾಡ್ತಿಲ್ಲ ಅಂತಾನಾ? ಮಾತ್ರೆ ದುಡ್ಡು ಬೇರೆ, ಒಂದಕ್ಕೆ ನೂರಾರು ರೂಪಾಯಿ. ದಿನಕ್ಕೆ ನಾಲ್ಕರ ಬದಲು ಎರಡು ಮಾಡೋಣ ಅಂತ ಅಣ್ಣ ಗೊಣಗುತ್ತಿದ್ದಾನೆ.

ಕಡಲ್ಕರೆ_ಅಕ್ಕ · ಗುರುವಾರ ರಾತ್ರಿ 10:48

ಎರಡು ರಿಪೋರ್ಟನ್ನೂ ಪಕ್ಕ ಪಕ್ಕ ಇಟ್ಟು ಸಣ್ಣ ಅಕ್ಷರ ಓದಿ. ಒಂದು ಪ್ಲಾಸ್ಮಾದಲ್ಲಿ (ರಕ್ತಕಣ ಬೇರ್ಪಡಿಸಿದ ನೀರಿನ ಭಾಗ), ಇನ್ನೊಂದು ಪೂರ್ತಿ ರಕ್ತದಲ್ಲಿ ಮಾಡಿರಬಹುದು. ಪೂರ್ತಿ ರಕ್ತದಲ್ಲಿ ಸಾಮಾನ್ಯವಾಗಿ ಜಾಸ್ತಿ ತೋರಿಸುತ್ತೆ. ಒಬ್ಬರು ಕಾಪಿ ಅಂತ ಲೆಕ್ಕ ಕೊಟ್ಟಿರುತ್ತಾರೆ, ಇನ್ನೊಬ್ಬರು ಐಯು (ಅಂತರರಾಷ್ಟ್ರೀಯ ಯೂನಿಟ್) ಅಂತ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಅಳತೆಗೋಲು ಮಾಡಿಕೊಟ್ಟಿದೆ, ಆದರೂ ಲ್ಯಾಬಿನಿಂದ ಲ್ಯಾಬಿಗೆ ವ್ಯತ್ಯಾಸ ಇದ್ದೇ ಇದೆ. ಸೇರಿನ ಅಳತೆಯನ್ನು ಲೀಟರಿನ ಜೊತೆ ಹೋಲಿಸಬಾರದು. ಮೊದಲಿನ ಲ್ಯಾಬಿಗೇ ಮತ್ತೆ ಕಳಿಸಿ, ಮುಂದೆಯೂ ಅಲ್ಲಿಗೇ.

ಅರ್ಧ ಡೋಸ್ ಮಾತ್ರ ಬೇಡವೇ ಬೇಡ. ಡೋಸ್ ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ನೋಡಿ ಲೆಕ್ಕ ಹಾಕಿರುತ್ತಾರೆ. ಕಮ್ಮಿ ಕೊಟ್ಟರೆ ವೈರಸ್ ಸಾಯಲ್ಲ, ಕಲಿಯುತ್ತೆ. ಈ ಔಷಧಿಯನ್ನು ಚುರುಕು ಮಾಡೋದು ವೈರಸ್ಸಿನದೇ ಒಂದು ಕಿಣ್ವ, ಯುಎಲ್97 ಅಂತ. ವೈರಸ್ ಅದನ್ನು ಬದಲಾಯಿಸಿಕೊಂಡರೆ ಮಾತ್ರೆ ನುಂಗಿಯೂ ದಂಡ. ಆಮೇಲೆ ಉಳಿಯೋದು ಫಾಸ್ಕಾರ್ನೆಟ್, ಅದು ಕಿಡ್ನಿಯನ್ನೇ ಹಾಳು ಮಾಡಬಹುದು. ಮಾರಿಬಾವಿರ್ ಅಂತ ಹೊಸದು ಬಂದಿದೆ, ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿದ್ದು, ನಮ್ಮಂಥವರ ಕೈಗೆಟುಕೋ ಬೆಲೆ ಅಲ್ಲ.

ಬಿಳಿ ರಕ್ತಕಣ ವಾರಕ್ಕೊಮ್ಮೆ ನೋಡಿಸಿ. ಸಿಎಂವಿಯೂ ಅದನ್ನು ಇಳಿಸುತ್ತೆ, ಮಾತ್ರೆಯೂ ಇಳಿಸುತ್ತೆ.  ಯಾವುದರಿಂದ ಅಂತ ಡಾಕ್ಟರೇ ತೀರ್ಮಾನ ಮಾಡಲಿ, ನೀವು ಮಾತ್ರೆ ನಿಲ್ಲಿಸಬೇಡಿ.

ರಿಯಾದ್_ರಂಗಣ್ಣ · ಗುರುವಾರ ರಾತ್ರಿ 11:15

ಬೆಲೆ ಮಾತಿಗೆ ಒಂದು. ಈ ಮಾತ್ರೆಗೆ 2007ರಲ್ಲಿ ಭಾರತದಲ್ಲಿ ರೋಶ್ ಕಂಪನಿಗೆ ಪೇಟೆಂಟ್ ಸಿಕ್ಕಿತ್ತು. ಎಚ್‌ಐವಿ ಇರುವವರ ಸಂಘಟನೆಗಳು, ಸಿಪ್ಲಾದಂಥ ನಮ್ಮ ಕಂಪನಿಗಳು ತಕರಾರು ಹಾಕಿ, 2010ರಲ್ಲಿ ಚೆನ್ನೈ ಪೇಟೆಂಟ್ ಕಚೇರಿ ಅದನ್ನು ರದ್ದು ಮಾಡಿತು. ಎಚ್‌ಐವಿ ಇರುವವರಿಗೆ ಸಿಎಂವಿಯಿಂದ ಕಣ್ಣು ಹೋಗುತ್ತಿತ್ತು, ಅದಕ್ಕೇ ಹೋರಾಡಿದ್ದು. ಇವತ್ತು ನೂರಾರು ರೂಪಾಯಿಗಾದರೂ ಸಿಗುತ್ತಿರೋದು ಅವರ ದೆಸೆಯಿಂದ. ಬೇರೆ ಬೇರೆ ಕಂಪನಿಯ ದರ ವಿಚಾರಿಸಿ, ತುಂಬಾ ವ್ಯತ್ಯಾಸ ಇರುತ್ತೆ. ಆಸ್ಪತ್ರೆಯ ಕೋಆರ್ಡಿನೇಟರನ್ನೂ ಕೇಳಿ.

ಹರಿಹರದ_ಹೈದ · ಮುಂದಿನ ಬುಧವಾರ ಸಂಜೆ 7:05

ಕಡಲ್ಕರೆ ಅಕ್ಕ ಹೇಳಿದ್ದೇ ಸರಿ. ಇಲ್ಲಿಯವರು ಪೂರ್ತಿ ರಕ್ತದಲ್ಲಿ ಮಾಡಿದ್ದರು. ಮೊದಲಿನ ಲ್ಯಾಬಿನಲ್ಲಿ ಈಗ 400ಕ್ಕಿಂತ ಕಮ್ಮಿ. ಭೇದಿ ನಿಂತಿದೆ, ಒಂದು ಕೆಜಿ ಏರಿದ್ದಾನೆ. ಪೂರ್ತಿ ಇಳಿಯೋವರೆಗೆ ಇದೇ ಡೋಸ್ ಅಂತ ಡಾಕ್ಟರ್ ಹೇಳಿದ್ದಾರೆ. ನಮ್ಮಕ್ಕನ ಐಜಿಜಿ ಪಾಸಿಟಿವ್, ಹಳೇದು ಅಂದರು. ಸ್ಕ್ಯಾನ್ ಸರಿಯಾಗಿದೆ. ಅವಳು ಇಲ್ಲೇ ಇದ್ದಾಳೆ.

ಭಾವ ಭಾನುವಾರ ಬಂದಿದ್ದರು. ಸುಬ್ಬಣ್ಣ ಸಾರ್ ಬರೆದದ್ದನ್ನು ಅತ್ತಿಗೆಯೇ ಫೋನ್ ಹಿಡಿದು ಜೋರಾಗಿ ಓದಿದಳು, ಕುಂಬಳಕಾಯಿ ಸಮೇತ. ಭಾವ ತುಟಿ ಮುಟ್ಟಿ ನೋಡಿಕೊಂಡರು. ಅಣ್ಣನ ಹತ್ತಿರ ಕ್ಷಮೆ ಕೇಳಲಿಲ್ಲ, ಆದರೆ ಸಂಜೆ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊಳೆ ಕಡೆ ಹೋಗಿಬಂದರು.

ಒಂದು ಸಣ್ಣ ಅನುಮಾನ ಉಳಿದಿದೆ. ಮಾತ್ರೆ ತುಂಡು ಮಾಡಿದ ಆ ಚಾಕು ಅಮ್ಮ ಹಿತ್ತಲಿಗೆ ಎಸೆದಿದ್ದಾರೆ. ಹೊಸಾ ಚಾಕು ಅದು. ತಂದು ಬಳಸಬಹುದಾ?

ಕಡಲ್ಕರೆ_ಅಕ್ಕ · ಬುಧವಾರ ಸಂಜೆ 7:20

ಸೋಪು ಹಾಕಿ ಎರಡು ಸಲ ತೊಳೆದು ಬಳಸಿ. ಹೆಚ್ಚೋ ಮಣೆ ಮರದ್ದಾಗಿದ್ದರೆ ಅದನ್ನು ಮಾತ್ರ ಬದಲಾಯಿಸಿ, ಗೀರಿನಲ್ಲಿ ಪುಡಿ ಕೂತಿರುತ್ತೆ.